ಗುತ್ತಿಗೆ ಸರ್ಕಾರದ್ದು, ಕಾರು ಸೈನಿಕನದ್ದು: ತಡವಾದ್ರೆ ಕೇಳೋದು ಯಾರನ್ನ?

ಪೋಸ್ಟಿಂಗ್ ಆರ್ಡರ್ ಕೈಗೆ ಬಂದ ದಿನದಿಂದ ಸೈನಿಕರ ಮನೆಯಲ್ಲಿ ಏನೆಲ್ಲ ಶುರುವಾಗುತ್ತೆ ಅನ್ನೋದನ್ನ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ಟಿ.ಸಿ., ಗ್ಯಾಸ್ ಕನೆಕ್ಷನ್, ಟ್ರಂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ನಂಬರ್ ಬರೆಸೋದು, ಕೊನೆಗೆ ಬೈಕನ್ನೋ ಕಾರನ್ನೋ ಅಷ್ಟು ದೂರ ಹೇಗೆ ಸಾಗಿಸೋದು ಅನ್ನೋ ತಲೆಬಿಸಿ. ಅಮೆರಿಕದ ಸೈನಿಕರ ಮನೆಗಳಲ್ಲೂ ಇದೇ ತಲೆಬಿಸಿ ಇದೆ. ಆದರೆ ಅಲ್ಲಿ ವಿದೇಶಕ್ಕೆ ವರ್ಗವಾದ ಸೈನಿಕನ ಸ್ವಂತ ಕಾರನ್ನು ಸಾಗಿಸುವ ಕೆಲಸವನ್ನು ಸರ್ಕಾರವೇ ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟುಬಿಟ್ಟಿದೆ.

ಕೇಳಲು ಇದು ಚೆನ್ನಾಗಿಯೇ ಇದೆ. ಸೈನಿಕ ಕಾರು ತಂದು ಒಪ್ಪಿಸಿದರೆ ಸಾಕು, ಖರ್ಚು ಸರ್ಕಾರದ್ದು, ಓಡಾಟ ಕಂಪನಿಯದ್ದು. ಆದರೆ ಕಂಪನಿ ಕೈಕೊಟ್ಟಾಗ ಏನಾಗುತ್ತೆ? ಅದಕ್ಕೆ ಅಲ್ಲಿ ಎರಡು ದೊಡ್ಡ ಉದಾಹರಣೆಗಳಿವೆ. ಒಂದು 2014 ರಲ್ಲಿ ನಡೆದದ್ದು, ಇನ್ನೊಂದು 2025 ರ ಜೂನ್‌ನಲ್ಲಿ ಮುಗಿದದ್ದು. ಮೊದಲನೆಯದರಲ್ಲಿ ಗುತ್ತಿಗೆದಾರ ಉಳಿದುಕೊಂಡ. ಎರಡನೆಯದರಲ್ಲಿ ಸರ್ಕಾರ ಗುತ್ತಿಗೆಯನ್ನೇ ಕಿತ್ತುಹಾಕಿತು. ಯಾಕೆ ಹೀಗಾಯ್ತು ಅಂತ ನೋಡಿದರೆ ಹೊಣೆಗಾರಿಕೆ ಅನ್ನೋದು ಎಲ್ಲಿರುತ್ತೆ, ಎಲ್ಲಿರಲ್ಲ ಅನ್ನೋದು ಗೊತ್ತಾಗುತ್ತೆ.

ವ್ಯವಸ್ಥೆ ನಡೆಯೋದು ಹೇಗೆ

ಟ್ರಾನ್ಸ್‌ಕಾಮ್ ಅಂತ ಕರೆಯುವ ಅಮೆರಿಕದ ಸೇನಾ ಸಾರಿಗೆ ಕಮಾಂಡ್ ಇಲಿನಾಯ್ ರಾಜ್ಯದ ಸ್ಕಾಟ್ ವಾಯುನೆಲೆಯಲ್ಲಿದೆ. ಕಾರು ಸಾಗಣೆಯ ಗುತ್ತಿಗೆ ಕೊಡೋದು ಇದೇ ಕಮಾಂಡ್. ಜರ್ಮನಿ, ಇಟಲಿ, ಹವಾಯಿ, ಗುವಾಮ್‌ನಂಥ ಕಡೆಗೆ ವರ್ಗವಾದವರಿಗೆ ಸಾಮಾನ್ಯವಾಗಿ ಒಂದು ಗಾಡಿಯನ್ನು ಸರ್ಕಾರದ ಖರ್ಚಿನಲ್ಲಿ ಕಳಿಸುವ ಸೌಲಭ್ಯ ಉಂಟು. ವರ್ಷಕ್ಕೆ ಹೀಗೆ ಸಾಗುವ ಗಾಡಿಗಳು 60 ಸಾವಿರಕ್ಕೂ ಹೆಚ್ಚು.

ಸೈನಿಕ ತನ್ನ ಕಾರನ್ನು ಗುತ್ತಿಗೆದಾರನ ಕೇಂದ್ರಕ್ಕೆ ತಾನೇ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು. ಒಳಗೆ ಹೊರಗೆ ತೊಳೆದು ಚೊಕ್ಕಟ ಮಾಡಿರಬೇಕು. ಟ್ಯಾಂಕ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಇರಬಾರದು. ಸಾಲದ ಮೇಲೆ ತಗೊಂಡ ಕಾರಾದರೆ ದೇಶದಿಂದ ಹೊರಗೆ ಒಯ್ಯಲು ಅಡ್ಡಿಯಿಲ್ಲ ಅಂತ ಬ್ಯಾಂಕಿನಿಂದ ಪತ್ರ ತರಬೇಕು. ಕೇಂದ್ರದವರು ಗಾಡಿ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ಗೀರು ಬಿದ್ದಿದೆ, ಎಲ್ಲಿ ತಗ್ಗಾಗಿದೆ ಅಂತ ಒಂದು ಫಾರಂನಲ್ಲಿ ಗುರುತು ಹಾಕ್ತಾರೆ. ಆಮೇಲೆ ಒಂದು ತಾರೀಕು ಕೊಡ್ತಾರೆ, ಇಂಥ ದಿನದೊಳಗೆ ಇಂಥ ಊರಿನಲ್ಲಿ ಕಾರು ನಿಮ್ಮ ಕೈಗೆ ಅಂತ. ಅಲ್ಲಿಂದ ಮುಂದೆ ಕಾರು ಲಾರಿ ಹತ್ತಿ ಬಂದರಿಗೆ ಹೋಗಿ, ನೇರವಾಗಿ ಹೊಟ್ಟೆಯೊಳಕ್ಕೆ ಗಾಡಿ ಓಡಿಸಿ ನಿಲ್ಲಿಸುವ ದೊಡ್ಡ ಹಡಗು ಸೇರಿ, ಇನ್ನೊಂದು ದಡದಲ್ಲಿ ಮತ್ತೆ ಲಾರಿ ಹತ್ತುತ್ತೆ. ಲಾರಿಯವರು, ಬಂದರಿನವರು, ಹಡಗಿನವರು ಎಲ್ಲ ಬೇರೆ ಬೇರೆ. ಇವರೆಲ್ಲರನ್ನೂ ಹೊಂದಿಸಿ ತಾರೀಕು ಕಾಪಾಡೋದೇ ಮುಖ್ಯ ಗುತ್ತಿಗೆದಾರನ ಕೆಲಸ. ಸರ್ಕಾರ ದುಡ್ಡು ಕೊಡ್ತಿರೋದು ಆ ಹೊಂದಾಣಿಕೆಗೆ.

2014 ರ ಮೇ 1

ಹಲವು ವರ್ಷಗಳಿಂದ ಈ ಕೆಲಸ ಅಮೆರಿಕನ್ ಆಟೊ ಲಾಜಿಸ್ಟಿಕ್ಸ್ ಅನ್ನೋ ಕಂಪನಿ ಕೈಯಲ್ಲಿತ್ತು. ಹೊಸ ಟೆಂಡರ್‌ನಲ್ಲಿ ಅದು ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್‌ನ ಇಂಟರ್‌ನ್ಯಾಷನಲ್ ಆಟೊ ಲಾಜಿಸ್ಟಿಕ್ಸ್‌ಗೆ ಹೋಯಿತು. ಅವಧಿ ವಿಸ್ತರಣೆ ಎಲ್ಲ ಸೇರಿದರೆ ಗುತ್ತಿಗೆಯ ಮೊತ್ತ 90 ಕೋಟಿ ಡಾಲರ್ ದಾಟುತ್ತಿತ್ತು. ಟೆಂಡರ್ ಸೋತ ಹಳೇ ಕಂಪನಿ ತಕರಾರು ಎತ್ತಿತು, ಅದು ಕೆಲ ತಿಂಗಳು ಎಳೆಯಿತು. ಕೊನೆಗೆ ಕೆಲಸ ಕೈ ಬದಲಾಗಿದ್ದು 2014 ರ ಮೇ 1 ರಂದು.

ಆ ತಾರೀಕನ್ನು ಗಮನಿಸಬೇಕು. ಅಮೆರಿಕದಲ್ಲಿ ಶಾಲೆಗೆ ರಜೆ ಸಿಗುವುದು ಮೇ ಕೊನೆ, ಜೂನ್ ಹೊತ್ತಿಗೆ. ಮಕ್ಕಳ ಓದು ಕೆಡದಿರಲಿ ಅಂತ ಸೇನೆಯ ವರ್ಗಾವಣೆಗಳ ದೊಡ್ಡ ಪಾಲು ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ನಡೆಯುತ್ತೆ. ಅಂದರೆ ಅತಿ ಹೆಚ್ಚು ಕಾರುಗಳು ಬರುವ ನಾಲ್ಕು ತಿಂಗಳ ಹೊಸ್ತಿಲಲ್ಲೇ ಹೊಸಬರ ಕೈಗೆ ಕೀಲಿ ಕೊಟ್ಟ ಹಾಗಾಯ್ತು. ಕಾಫಿ ಕೊಯ್ಲಿನ ನಡುವೆ ತೋಟದ ರೈಟರನ್ನು ಬದಲಾಯಿಸಿದ ಹಾಗೆ. ಹೊಸಬ ಎಷ್ಟೇ ಚುರುಕಾಗಿರಲಿ, ಯಾವ ಲೈನ್‌ಮನೆಯಿಂದ ಎಷ್ಟು ಆಳು ಬರ್ತಾರೆ ಅನ್ನೋದೇ ಗೊತ್ತಿರಲ್ಲ.

ಆಗಬಾರದ್ದೇ ಆಯ್ತು. ಜೂನ್, ಜುಲೈ ಹೊತ್ತಿಗೆ ಸಾವಿರಾರು ಕಾರುಗಳು ಕೊಟ್ಟ ತಾರೀಕು ದಾಟಿದವು. ಕಂಪನಿಯ ವೆಬ್‌ಸೈಟ್‌ನಲ್ಲಿ ಕಾರು ಒಂದು ಕಡೆ ಇದೆ ಅಂತ ತೋರಿಸೋದು, ವಿಚಾರಿಸಿದರೆ ಇನ್ನೆಲ್ಲೋ ಇರೋದು. ಫೋನ್ ಮಾಡಿದರೆ ಎತ್ತುವವರಿಲ್ಲ, ಎತ್ತಿದರೂ ಉತ್ತರ ಇಲ್ಲ. ತಡವಾದ್ರೆ ಸಹಿಸಬಹುದು, ಕಾರು ಎಲ್ಲಿದೆ ಅಂತಲೇ ಗೊತ್ತಿಲ್ಲ ಅಂದರೆ ಹೇಗೆ ಅನ್ನೋದು ಆ ಬೇಸಿಗೆಯಲ್ಲಿ ಸೈನಿಕರ ಮನೆಗಳಿಂದ ಮತ್ತೆ ಮತ್ತೆ ಕೇಳಿಬಂದ ದೂರು.

ಇದರ ಬಿಸಿ ಹೆಚ್ಚು ತಟ್ಟಿದ್ದು ಕೆಳಗಿನ ರ‍್ಯಾಂಕಿನವರಿಗೆ. ಕರ್ನಲ್ ಮನೆಯಲ್ಲಿ ಎರಡನೇ ಕಾರು ಕೊಳ್ಳುವಷ್ಟು ತಾಕತ್ತು ಇರಬಹುದು. ಇಪ್ಪತ್ತೆರಡು ವರ್ಷದ ಸಿಪಾಯಿಯ ಮನೆಯಲ್ಲಿ ಇರೋದು ಒಂದೇ ಕಾರು, ಅದೂ ಸಾಲದ್ದು. ಕಣ್ಣಿಗೆ ಕಾಣದ ಕಾರಿಗೆ ಕಂತು ಕಟ್ಟಬೇಕು, ಇನ್ಶೂರೆನ್ಸ್ ಕಟ್ಟಬೇಕು, ಅದರ ಮೇಲೆ ಡ್ಯೂಟಿಗೆ ಹೋಗಲು ಬಾಡಿಗೆ ಕಾರಿಗೂ ಕೊಡಬೇಕು. ಹೊಸ ದೇಶ, ಭಾಷೆ ಬರಲ್ಲ, ಗಂಡ ಕೆಲಸದ ಮೇಲೆ ಹೊರಗೆ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಹೇಗೆ ಅನ್ನೋದು ಹೆಂಡತಿಯ ಚಿಂತೆ.

ಗಲಾಟೆ ಜೋರಾದ ಮೇಲೆ ಟ್ರಾನ್ಸ್‌ಕಾಮ್ ತನ್ನದೇ ತಂಡವನ್ನು ಬ್ರನ್ಸ್‌ವಿಕ್‌ಗೆ ಕಳಿಸಿತು. ಅಂದರೆ ಹೊಂದಾಣಿಕೆ ಮಾಡಲಿ ಅಂತ ದುಡ್ಡು ಕೊಟ್ಟ ಕಂಪನಿಗೆ ಹೊಂದಾಣಿಕೆ ಮಾಡಿಕೊಡಲು ಸರ್ಕಾರದ ಸಂಬಳದವರೇ ಹೋಗಿ ಕೂರಬೇಕಾಯ್ತು. ಇಲ್ಲಿನ ರಸ್ತೆ ಗುತ್ತಿಗೆಗಳನ್ನು ನೋಡಿದವರಿಗೆ ಇದೇನೂ ಹೊಸದಾಗಿ ಕಾಣಲಿಕ್ಕಿಲ್ಲ ಬಿಡಿ. ಅತ್ತ ಸೆನೆಟರ್‌ಗಳು ವಿವರಣೆ ಕೇಳಿದರು. ನೊಂದ ಕುಟುಂಬಗಳು ಫೇಸ್‌ಬುಕ್‌ನಲ್ಲಿ ಒಂದುಗೂಡಿ ದೂರುಗಳನ್ನು ಒಂದೇ ಕಡೆ ಹಾಕತೊಡಗಿದವು. ಕೆಲವರು ಸೇರಿ ಜಾರ್ಜಿಯಾದ ಫೆಡರಲ್ ಕೋರ್ಟ್‌ನಲ್ಲಿ ಸಾಮೂಹಿಕ ದಾವೆ ಹೂಡಿದರು.

ಗುತ್ತಿಗೆ ಮಾತ್ರ ರದ್ದಾಗಲಿಲ್ಲ. ನಿಧಾನಕ್ಕೆ ಸಾಗಣೆ ಹಳಿಗೆ ಬಂತು. ಮುಂದಿನ ವರ್ಷಗಳಲ್ಲೂ ಅದೇ ಕಂಪನಿ ಕೆಲಸ ಮುಂದುವರಿಸಿತು.

ಗಿರಾಕಿ ಯಾರು?

ಕಾರು ಸೈನಿಕನದ್ದು, ಕಷ್ಟ ಸೈನಿಕನದ್ದು. ಆದರೆ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡದ್ದು ಸರ್ಕಾರ, ಹಣ ಕೊಡೋದೂ ಸರ್ಕಾರ. ಹಾಗಾಗಿ ಕಂಪನಿ ಹೆದರುವುದು ಸರ್ಕಾರಕ್ಕೆ ಮಾತ್ರ. ಹೋಟೆಲಿನಲ್ಲಿ ಇಡ್ಲಿ ಹಳಸಿದ್ದರೆ ಗಿರಾಕಿ ನಾಳೆಯಿಂದ ಎದುರಿನ ಹೋಟೆಲಿಗೆ ಹೋಗ್ತಾನೆ. ಸೈನಿಕನಿಗೆ ಎದುರಿನ ಹೋಟೆಲೇ ಇಲ್ಲ. ಈ ಕಂಪನಿ ಬೇಡ, ಬೇರೆಯವರ ಕೈಲಿ ಕಳಿಸ್ತೀನಿ ಅಂದರೆ ಪೂರ್ತಿ ಖರ್ಚು ಅವನ ತಲೆಗೇ ಬರುವ ಸಾಧ್ಯತೆ ಹೆಚ್ಚು.

ಪರಿಹಾರದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತೆ. ಕಾರು ತಾರೀಕಿಗೆ ಬರದಿದ್ದರೆ ಬಾಡಿಗೆ ಕಾರಿಗೆ ಸೇನೆ ಕೊಡುವುದು ದಿನಕ್ಕೆ ಹೆಚ್ಚೆಂದರೆ 30 ಡಾಲರ್, ಅದೂ ಮೊದಲ 7 ದಿನಕ್ಕೆ. ಒಟ್ಟು 210 ಡಾಲರ್. ಎಂಟನೇ ದಿನದಿಂದ ಸೈನಿಕ ಗುತ್ತಿಗೆದಾರನಿಗೇ ಕ್ಲೇಮ್ ಹಾಕಬೇಕು. ರಸೀದಿ ಇಟ್ಟುಕೊಳ್ಳಬೇಕು, ಫಾರಂ ತುಂಬಬೇಕು, ಫೋನ್ ಎತ್ತದ ಅದೇ ಕಂಪನಿಯ ಉತ್ತರಕ್ಕೆ ಕಾಯಬೇಕು. ತಪ್ಪು ಮಾಡಿದವರೇ ಪರಿಹಾರವನ್ನೂ ತೀರ್ಮಾನಿಸುವ ಏರ್ಪಾಡು ಇದು. ಎರಡು ವಾರ ತಡವಾದರೆ ಹೇಗೋ ಆಗುತ್ತೆ, ಎರಡು ತಿಂಗಳಾದರೆ ಕೈಯಿಂದ ಹಾಕಿದ ದುಡ್ಡು ಸಿಪಾಯಿಯ ಸಂಬಳಕ್ಕೆ ದೊಡ್ಡ ಹೊರೆ.

ಕಾರಿಗೆ ಹಾನಿಯಾಗಿದ್ದರೆ ಮಾತ್ರ ದಾರಿ ಸ್ವಲ್ಪ ವಾಸಿ. ಸೈನಿಕರು ಮತ್ತು ಸಿವಿಲ್ ನೌಕರರ ಕ್ಲೇಮುಗಳಿಗೆ ಅಂತಲೇ 1964 ರ ಕಾನೂನೊಂದಿದೆ. ಅದರ ಪ್ರಕಾರ ಸಾಮಾನ್ಯವಾಗಿ 40 ಸಾವಿರ ಡಾಲರ್‌ವರೆಗೆ ಸರ್ಕಾರವೇ ಪರಿಹಾರ ಕೊಟ್ಟು, ಆಮೇಲೆ ಸಾಗಿಸಿದವರಿಂದ ವಸೂಲಿ ಮಾಡಿಕೊಳ್ಳಬಹುದು. ಎರಡು ವರ್ಷದೊಳಗೆ ಕ್ಲೇಮ್ ಹಾಕಬೇಕು. ಮುರಿದ ಗಾಜಿಗೆ, ಗೀರಿದ ಬಾಗಿಲಿಗೆ ಹೀಗೆ ಬೆಲೆ ಕಟ್ಟಬಹುದು. ಆದರೆ ತಡಕ್ಕೆ ಬೆಲೆ ಕಟ್ಟೋದು ಕಷ್ಟ. ರಜೆ ಹಾಕಿ ಬಂದರಿಗೆ ಹೋಗಿ ಬರಿಗೈಲಿ ವಾಪಸ್ ಬಂದ ದಿನಗಳಿಗೆ ರಸೀದಿ ಎಲ್ಲಿಂದ ತರೋದು?

ಸರ್ಕಾರವಾದರೂ ಬಿಗಿ ಹಿಡಿಯಬಹುದಿತ್ತಲ್ಲ ಅನ್ನೋ ಪ್ರಶ್ನೆ ಬರುತ್ತೆ. ಹಿಡಿಯಲು ಅಸ್ತ್ರಗಳೇನೋ ಇವೆ. ಬಿಲ್ ಕಡಿತ ಮಾಡಬಹುದು, ಅವಧಿ ವಿಸ್ತರಿಸದೆ ಇರಬಹುದು, ಮುಂದಿನ ಟೆಂಡರ್‌ಗಳಲ್ಲಿ ನೋಡುವ ಕಾರ್ಯಕ್ಷಮತೆಯ ದಾಖಲೆಯಲ್ಲಿ ಕಡಿಮೆ ಅಂಕ ಕೊಡಬಹುದು. ಇವೆಲ್ಲ ಆಮೇಲಿನ ಮಾತು. ಜುಲೈ ತಿಂಗಳಲ್ಲಿ ಹಡಗುಕಟ್ಟೆಯಲ್ಲಿ ನಿಂತ ಕಾರನ್ನು ಇವು ಹೊರಡಿಸಲ್ಲ. ಉಳಿದ ದೊಡ್ಡ ಅಸ್ತ್ರ ಗುತ್ತಿಗೆ ರದ್ದು. ಅದನ್ನು ಬಳಸಿದರೆ ಮಾರನೇ ದಿನ ಕೆಲಸ ಮಾಡೋದು ಯಾರು? ಹಳೇ ಕಂಪನಿ ಆಗಲೇ ಕೆಲಸ ಬಿಟ್ಟುಕೊಟ್ಟಿತ್ತು. ದಾರಿಯಲ್ಲಿ ಸಾವಿರಾರು ಕಾರುಗಳಿದ್ದವು. ಕಂಪನಿ ಚೆನ್ನಾಗಿ ಕೆಲಸ ಮಾಡ್ತು ಅಂತ ಉಳಿಯಲಿಲ್ಲ, ಅದನ್ನು ಬಿಟ್ಟರೆ ಬೇರೆ ಗತಿ ಇಲ್ಲ ಅಂತ ಉಳಿಯಿತು ಅನ್ನೋದೇ ಹೆಚ್ಚು ಸರಿಯಾದ ಓದು.

2025: ಈ ಬಾರಿ ಕಿತ್ತುಹಾಕಿದರು

ಎರಡನೇ ಪ್ರಕರಣ ಕಾರಿನದ್ದಲ್ಲ, ಮನೆ ಸಾಮಾನಿನದ್ದು. ಆದರೆ ಗುತ್ತಿಗೆ ಕೊಟ್ಟದ್ದು ಅದೇ ಟ್ರಾನ್ಸ್‌ಕಾಮ್, ತೊಂದರೆಯಾದದ್ದೂ ಅದೇ ಮನೆಗಳಿಗೆ.

ಮೊದಲು ಅಲ್ಲಿ ಸೈನಿಕರ ಮನೆ ಸಾಮಾನು ಸಾಗಿಸಲು ನೂರಾರು ಮೂವರ್ಸ್ ಕಂಪನಿಗಳಿದ್ದವು. ಸರ್ಕಾರವೇ ಒಂದೊಂದು ಲೋಡನ್ನು ಒಬ್ಬೊಬ್ಬರಿಗೆ ಹಂಚುತ್ತಿತ್ತು. ಸಾಮಾನು ಒಡೆದದ್ದು, ಕಳೆದದ್ದು, ತಡವಾದದ್ದು ಅಂತ ದೂರು ಹೆಚ್ಚಾದಾಗ, ಎಲ್ಲರ ಮೇಲೆ ಒಬ್ಬನೇ ಯಜಮಾನ ಇರಲಿ, ಕೇಳಲು ಒಂದೇ ಬಾಗಿಲು ಇರಲಿ ಅಂತ ಯೋಚಿಸಿದರು. 2021 ರ ನವೆಂಬರ್‌ನಲ್ಲಿ ಹೋಮ್‌ಸೇಫ್ ಅಲಯನ್ಸ್ ಅನ್ನೋ ಜಂಟಿ ಸಂಸ್ಥೆಗೆ ಗುತ್ತಿಗೆ ಸಿಕ್ಕಿತು. ಕೆಬಿಆರ್ ಅನ್ನೋ ದೊಡ್ಡ ಕಂಪನಿ ಅದರ ಪ್ರಮುಖ ಪಾಲುದಾರ. ಎಲ್ಲಾ ವಿಸ್ತರಣೆ ಸೇರಿದರೆ 9 ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್‌ವರೆಗಿನ ಗುತ್ತಿಗೆ.

ತಕರಾರುಗಳೆಲ್ಲ ಮುಗಿದು ಸಾಗಣೆ ಶುರುವಾದದ್ದು 2024 ರ ಏಪ್ರಿಲ್‌ನಲ್ಲಿ. ಲೋಡ್ ಹೆಚ್ಚಾಗುತ್ತಿದ್ದಂತೆ ಬಣ್ಣ ಬಯಲಾಯ್ತು. ಪ್ಯಾಕ್ ಮಾಡಲು ಬರ್ತೀವಿ ಅಂದ ದಿನ ಯಾರೂ ಬರೋದಿಲ್ಲ, ಬಾಡಿಗೆ ಮನೆ ಖಾಲಿ ಮಾಡುವ ದಿನ ಹತ್ತಿರ ಬಂದರೂ ಸಾಮಾನು ಅಲ್ಲೇ. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹೋಮ್‌ಸೇಫ್ ಕೊಡುವ ದರ ಹಳೇ ದರಕ್ಕಿಂತ ಕಡಿಮೆ, ಇದಕ್ಕೆ ಲಾರಿ ಕಳಿಸಿದರೆ ಗಿಟ್ಟಲ್ಲ ಅಂತ ಎಷ್ಟೋ ಮೂವರ್ಸ್ ಕಂಪನಿಗಳು ಹಿಂದೆ ಸರಿದಿದ್ದವು. ಒಂದೇ ಬಾಗಿಲು ಅಂತ ಮಾಡಿದರು, ಆದರೆ ಬಾಗಿಲ ಹಿಂದೆ ಲಾರಿ ಇರಲಿಲ್ಲ.

2025 ರ ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್‌ಸೆತ್ ಇದನ್ನು ಸರಿಪಡಿಸಲು ಆದೇಶ ಕೊಟ್ಟರು. ಜೂನ್ 18 ರಂದು ಗುತ್ತಿಗೆ ರದ್ದಾಯಿತು. ಅದೂ ಸರ್ಕಾರದ ಅನುಕೂಲಕ್ಕಾಗಿ ಅಂತಲ್ಲ, ಗುತ್ತಿಗೆದಾರ ತನ್ನ ಕರ್ತವ್ಯ ಪೂರೈಸಲಿಲ್ಲ ಅನ್ನೋ ಕಾರಣಕ್ಕೆ. ಇವೆರಡರ ನಡುವೆ ಬಹಳ ಅಂತರವಿದೆ. ಅನುಕೂಲಕ್ಕಾಗಿ ರದ್ದು ಮಾಡಿದರೆ ಗುತ್ತಿಗೆದಾರ ಒಂದಷ್ಟು ಖರ್ಚು ಕೇಳಬಹುದು, ಹೆಸರಿಗೂ ಮಸಿ ಹತ್ತಲ್ಲ. ತಪ್ಪಿನ ಕಾರಣಕ್ಕೆ ರದ್ದಾದರೆ ಅದು ದಾಖಲೆಯಲ್ಲಿ ಉಳಿಯುತ್ತೆ.

ಹತ್ತು ಪಟ್ಟಿಗೂ ಹೆಚ್ಚು ದೊಡ್ಡ ಗುತ್ತಿಗೆಯನ್ನು 2025 ರಲ್ಲಿ ಕಿತ್ತುಹಾಕಲು ಆದದ್ದು, ಚಿಕ್ಕದನ್ನು 2014 ರಲ್ಲಿ ಮುಟ್ಟಲೂ ಆಗದ್ದು ಯಾಕೆ? ನಾಯಕತ್ವ ಗಟ್ಟಿ ಇತ್ತು ಅಂತ ಕೆಲವರು ಹೇಳಬಹುದು. ಅದಕ್ಕಿಂತ ಸರಳವಾದ ಕಾರಣ ಇನ್ನೊಂದಿದೆ. ಹೋಮ್‌ಸೇಫ್‌ಗೆ ಕೆಲಸವನ್ನು ಒಂದೇ ದಿನ ಪೂರ್ತಿ ಒಪ್ಪಿಸಿರಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಕೊಡ್ತಾ ಬಂದಿದ್ದರು. ಹಳೇ ವ್ಯವಸ್ಥೆ ಪಕ್ಕದಲ್ಲಿ ಓಡುತ್ತಲೇ ಇತ್ತು. ಹೊಸದು ಕೈಕೊಟ್ಟಾಗ ಲೋಡುಗಳನ್ನು ಹಳೇ ದಾರಿಗೆ ತಿರುಗಿಸಲು ಆಯ್ತು. 2014 ರಲ್ಲಿ ಹಾಗಿರಲಿಲ್ಲ. ಮೇ 1 ರ ಬೆಳಿಗ್ಗೆ ಹೊಸಬರು ಒಳಗೆ, ಹಳಬರು ಹೊರಗೆ. ಬದಲಿ ದಾರಿ ಇಲ್ಲದ ಕಡೆ ದಂಡದ ಷರತ್ತುಗಳನ್ನು ಎಷ್ಟು ಪುಟ ಬರೆದರೂ ಗುತ್ತಿಗೆದಾರನಿಗೆ ಗೊತ್ತಿರುತ್ತೆ, ತನ್ನನ್ನು ಕಳಿಸಲು ಇವರಿಗೆ ಆಗಲ್ಲ ಅಂತ.

ದೂರು ಒಂದೇ ಕಡೆ ಸೇರಿದ್ದೂ ಕೆಲಸ ಮಾಡ್ತು. ಒಬ್ಬ ಸೈನಿಕನ ಕಾರು ತಡವಾದರೆ ಅದು ಅವನ ಗ್ರಹಚಾರ. ಸಾವಿರ ಜನ ತಾರೀಕು, ಫೋಟೊ, ರಸೀದಿ ಸಮೇತ ಒಂದೇ ಕಡೆ ಬರೆದರೆ ಅದು ಸೆನೆಟರ್ ಮೇಜಿಗೆ ಹೋಗುತ್ತೆ. ಸಮವಸ್ತ್ರದಲ್ಲಿರುವವರು ಬಾಯಿ ಬಿಟ್ಟು ಹೇಳಲು ಹಿಂಜರಿಯುವುದನ್ನು ಎರಡೂ ಬಾರಿ ಹೆಚ್ಚಾಗಿ ಹೇಳಿದ್ದು ಅವರ ಮನೆಯವರು.

ಇಲ್ಲಿ ಗಿರಾಕಿ ಸೈನಿಕನೇ

ಭಾರತದಲ್ಲಿ ಏರ್ಪಾಡೇ ಬೇರೆ. ದೇಶದೊಳಗಿನ ವರ್ಗಾವಣೆಗೆ ಸರ್ಕಾರ ಸಾಮಾನ್ಯವಾಗಿ ಒಬ್ಬ ಗುತ್ತಿಗೆದಾರನನ್ನು ತೋರಿಸಲ್ಲ, ನಿಯಮದ ಮಿತಿಯಲ್ಲಿ ಭತ್ಯೆ ಕೊಡುತ್ತೆ. ಸಾಗಿಸುವವರನ್ನು ಹುಡುಕೋದು, ಚೌಕಾಸಿ ಮಾಡೋದು, ಬಿಲ್ ತಂದು ಕ್ಲೇಮ್ ಮಾಡೋದು ಎಲ್ಲ ಸೈನಿಕನ ಪಾಲಿಗೆ. ಕೊಡಗಿಗೆ ರೈಲೇ ಇಲ್ಲದ ಕಾರಣ ಬೈಕನ್ನು ಪಾರ್ಸೆಲ್ ಮಾಡಬೇಕೆಂದರೂ ಟ್ಯಾಂಕ್ ಖಾಲಿ ಮಾಡಿ, ಗೋಣಿಚೀಲ ಸುತ್ತಿಸಲು ಮೈಸೂರಿನವರೆಗೆ ಹೋಗಬೇಕು. ಕಾರಾದರೆ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರ ಮೊರೆ. ಮೊದಲು ಕಡಿಮೆ ರೇಟ್ ಹೇಳಿ, ಗಾಡಿ ಲಾರಿ ಹತ್ತಿದ ಮೇಲೆ ಇನ್ನಷ್ಟು ಹಾಕಿ ಅನ್ನುವವರು, ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ ಬೋರ್ಡ್ ಹಾಕಿಕೊಂಡವರು ಇಲ್ಲಿ ಕಡಿಮೆಯೇನಿಲ್ಲ.

ಹಾಗಿದ್ದರೂ ಒಂದು ವಿಷಯದಲ್ಲಿ ಇಲ್ಲಿನ ಸೈನಿಕನ ಕೈ ಮೇಲೆ. ಒಪ್ಪಂದ ಅವನ ಹೆಸರಿನಲ್ಲೇ ಇರೋದರಿಂದ ಕಾನೂನಿನ ಕಣ್ಣಲ್ಲಿ ಅವನೇ ಗ್ರಾಹಕ. 2019 ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಾನು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಆಫೀಸ್ ದೆಹಲಿಯಲ್ಲಿದೆ ಅಂತ ದೆಹಲಿಗೆ ಓಡಬೇಕಾಗಿಲ್ಲ, ಮನೆ ಇಲ್ಲಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಎರಡು ವರ್ಷದೊಳಗೆ ಹೋಗಬೇಕು. ಆನ್‌ಲೈನ್‌ನಲ್ಲೂ ದೂರು ಹಾಕಬಹುದು, ಮೊದಲು ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎಡವುವುದು ಬೇರೆ ಕಡೆ. ರಸ್ತೆ ಸಾಗಣೆಗೆ 2007 ರ ಕಾಯ್ದೆಯೊಂದಿದೆ. ಅದರ ನಿಯಮಗಳ ಪ್ರಕಾರ ಸಾಗಿಸುವವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 12 ಸಾವಿರ ಬಾಡಿಗೆ ಕೊಟ್ಟು ಕಳಿಸಿದ 6 ಲಕ್ಷದ ಕಾರು ಪೂರ್ತಿ ಹಾಳಾದರೂ ಸಾಗಣೆದಾರ 1 ಲಕ್ಷ 20 ಸಾವಿರಕ್ಕೆ ಕೈತೊಳೆದುಕೊಳ್ಳಲು ನೋಡಬಹುದು. ಹೆಚ್ಚಿನ ಹೊಣೆ ಬೇಕಾದರೆ ಬುಕ್ ಮಾಡುವಾಗಲೇ ಗಾಡಿಯ ಬೆಲೆ ಬರೆಸಿ, ಹೆಚ್ಚಿನ ರಿಸ್ಕ್ ದರಕ್ಕೆ ಲಿಖಿತವಾಗಿ ಒಪ್ಪಂದ ಮಾಡಿಕೊಳ್ಳಬೇಕು. ಅವಸರದಲ್ಲಿ ಸಹಿ ಹಾಕಿ ಕೊಟ್ಟ ಆ ತೆಳು ಕಾಗದದಲ್ಲಿ ಬೆಲೆಯ ಜಾಗ ಖಾಲಿ ಇದ್ದರೆ ಆಮೇಲೆ ವಾದ ಮಾಡೋದು ಕಷ್ಟ.

ಕಾರಿನ ಇನ್ಶೂರೆನ್ಸ್ ಬಗ್ಗೆಯೂ ಒಂದು ಮಾತು. ಪೂರ್ಣ ಪಾಲಿಸಿ ಇದ್ದರೆ ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ವಿಮಾನದ ಮೂಲಕ ಸಾಗಿಸುವಾಗ ಆದ ಹಾನಿಗೂ ಅದು ಅನ್ವಯಿಸುತ್ತೆ ಅನ್ನೋದು ಪಾಲಿಸಿಯಲ್ಲೇ ಬರೆದಿರುತ್ತೆ. ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ಇದು ಇಲ್ಲ. ಆ ಪಟ್ಟಿಯಲ್ಲಿ ಸಮುದ್ರ ಇಲ್ಲದಿರೋದನ್ನೂ ಗಮನಿಸಬೇಕು. ಅಂಡಮಾನ್‌ಗೆ ಪೋಸ್ಟಿಂಗ್ ಆಗಿ ಹಡಗಿನಲ್ಲಿ ಗಾಡಿ ಕಳಿಸುವವರು ಸಾಗಣೆಗೆ ಅಂತ ಬೇರೆ ವಿಮೆ ಮಾಡಿಸೋದು ಒಳ್ಳೆಯದು.

ಇನ್ನು ಬಹಳ ಜನ ತಪ್ಪಿಸಿಕೊಳ್ಳುವ ಗಡುವು. ಸಾಗಣೆದಾರನ ಮೇಲೆ ನಷ್ಟದ ದಾವೆ ಹೂಡಬೇಕಾದರೆ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಅನ್ನುತ್ತೆ ಅದೇ 2007 ರ ಕಾಯ್ದೆ. ಇವತ್ತು ಬರುತ್ತೆ, ನಾಳೆ ಬರುತ್ತೆ, ಸ್ವಲ್ಪ ತಡೀರಿ ಸರ್ ಅಂತ ಫೋನಿನಲ್ಲೇ ಎರಡು ಮೂರು ತಿಂಗಳು ಕಳೆದುಹೋಗೋದು ಮಾಮೂಲು. ಆ 180 ದಿನದ ಲೆಕ್ಕ ಶುರುವಾಗುವುದು ಗಾಡಿ ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ.